ಒಂಬತ್ತು ಮಂದಿಗೆ ಒಂದ ತಾರೀಖು

ತಾರೀಖಿನ ವಿಷಯದಾಗ ನಮ್ಮ ಮಂದಿ ಫಜೀತಿ ಪಡೂದು ದಿನಾ ನಡಿಯೂದ ಬಿಡ್ರಿ. ಹತ್ತಕ್ಕ ಮುಹೂರ್ತ ಅಂತ ಪತ್ರಿಕಿ ಹಂಚಿ, ಹನ್ನೆರಡಕ್ಕ ಅಕ್ಕಿಕಾಳು ಹಾಕೂ ಜನ ನಾವು. ಇಂಥಾ ಜನಕ್ಕ ಜಪಾನಿ ಭಾಷಾದಾಗ ತಾರೀಖು ಹೇಳೂದು, ಬರಿಯೂದು ಕಲಿಸೂ ಪುಣ್ಯದ ಕೆಲಸ ನನ್ನ ಪಾಲಿಗೆ ಬಂದೈತಿ.

ಜಪಾನಿನ ಒಂದು ವೃದ್ಧಾಶ್ರಮದಾಗ ಮೂರು ವರ್ಷ ಅಜ್ಜ-ಅಜ್ಜಿಯರ ಸೇವಾ ಮಾಡಿ ಬಂದು, ಈಗ ಶಿಗ್ಗಾಂವಿಯೊಳಗ ಗೊಬ್ಬರದಂಗಡಿ ಮ್ಯಾಲಿನ ಖೋಲಿಯಾಗ ಕ್ಲಾಸ್ ನಡಸಾಕತ್ತೇನಿ. ಹಾನಗಲ್, ಸವಣೂರು, ಹಿರೇಕೆರೂರು ಕಡೆಯಿಂದ ಒಂಬತ್ತು ಮಂದಿ ಬಸ್ಸಿಗೆ ಜೋತುಬಿದ್ದು ಬರ್ತಾರ. ಎಲ್ಲಾರೂ ನರ್ಸಿಂಗ್ ಕಲಿತವರು, ಎಲ್ಲಾರಿಗೂ ಅಂಥಾದ ಕೆಲಸ ಬೇಕು. ಅದರಾಗ ಸವಣೂರಿನಾಕಿ ಸಂಕಟ ಬ್ಯಾರೆ. ಇದ್ದ ಕೆಲಸಾನೂ ಬಿಟ್ಟು ಬಂದಾಳ ಆಕಿ. ಸುಮ್ನ ಬಿಟ್ಟಿದ್ರ ನಡೀತಿತ್ತು, ಜಪಾನಿಗೆ ಹೋಗ್ತೇನಂತ ಓಣಿ ತುಂಬ ಪೇಢೆ ಹಂಚ್ಯಾಳ. ಈಗ ಹಾಲು ತರಾಕ ಹೊಂಟ್ರೂ ಓಣಿಯವರು ಕೇಳ್ತಾರ, "ಯಾವ ತಾರೀಖಿಗೆ ಹೊಂಟಿ ಜಪಾನಿಗೆ?" ಮೂರು ತಿಂಗಳಾತು, ಆಕಿ ಕಡೆ ತಾರೀಖಿಲ್ಲ.

೧. ಹತ್ತು ದಿನಕ್ಕ ಹತ್ತು ಹೆಸರು

ಜಪಾನಿ ಭಾಷಾದಾಗ ತಿಂಗಳು ಭಾಳ ಸಲೀಸು. ಒಂದನೇ ತಿಂಗಳು, ಎರಡನೇ ತಿಂಗಳು ಅಂತ ಎಣಿಸ್ಕೊಂಡು ಹೋದ್ರಾತು. ಆದ್ರ ಒಂದರಿಂದ ಹತ್ತರ ತನಕ ತಾರೀಖಿಗೆ ಒಂದೊಂದು ಬ್ಯಾರೆ ಹೆಸರು. ಒಂದು ತ್ಸುಯಿತಾಚಿ, ಎರಡು ಫುತ್ಸುಕಾ, ಮೂರು ಮಿಕ್ಕಾ. ಬೋರ್ಡ್ ಮ್ಯಾಲೆ ಹತ್ತೂ ಬರೆದು ತಿರುಗಿ ನೋಡಿದ್ರ, ಹಿರೇಕೆರೂರಿನಂವ ಪೆನ್ನಿನ ಟೋಪಿ ಹಾಕಿ ಕಿಸೇದಾಗ ಇಟ್ಟಿದ್ದ.

ಯಾಕಪಾ ಅಂತ ಕೇಳಿದೆ. ಹನ್ನೊಂದರಿಂದ ಸಲೀಸು ಅಂತ ನೀವ ಅಂದ್ರೆಲ್ರೀ ಅಕ್ಕೋರ, ನಮ್ಮ ಕೆಲಸದ ಇಂಟರ್‌ವ್ಯೂ ಹನ್ನೊಂದರ ಮ್ಯಾಲೆ ಇಡಾಕ ಹೇಳ್ರಿ ಅಂದ. ಹದಿನಾಕು, ಇಪ್ಪತ್ತು, ಇಪ್ಪತ್ನಾಕಕ್ಕೂ ವಕ್ರ ಹೆಸರ ಅದಾವು ಅಂತ ತಿಳಿಸಿ ಹೇಳಿದೆ. ಅಂವ ಚೂರೂ ಅಂಜಲಿಲ್ಲ.

"ಹಂಗಾದ್ರ ಇಪ್ಪತ್ತೈದರ ಮ್ಯಾಲೆ ಇಟ್ರಾತು ತಗೋರಿ, ನಮಗೇನು ಅವಸರಿಲ್ಲ."

ಸವಣೂರಿನಾಕಿ ಅಂವನ್ನ ನೋಡಿದ ನೋಟಕ್ಕ ಹಸಿ ಕಟಿಗೀನೂ ಹೊತ್ತಿ ಉರೀಬೇಕಿತ್ತು.

೨. ಸಾವಕಾರ್ರ ಆಯುಷ್ಯ

ಬರಿಯೂದು ಕಲಿಸೂ ದಿನ ಕೆಳಗಿನ ಗೊಬ್ಬರದಂಗಡಿ ಸಾವಕಾರ್ರು ಚಹಾದ ಕಪ್ಪು ಹಿಡ್ಕೊಂಡು ಮ್ಯಾಲೆ ಬಂದ್ರು. ಖೋಲಿ ಅವರದು, ಬ್ಯಾಡ ಅನ್ನಾಕ ಬರೂದಿಲ್ಲ. ಜಪಾನಿಯವರು ಮೊದಲ ವರ್ಷ ಬರೀತಾರ, ಆಮ್ಯಾಲೆ ತಿಂಗಳು, ಕಡೀಕ ದಿನ ಅಂತ ನಾ ಹೇಳಾಕತ್ತಿದ್ದೆ. ಅದೇನ್ ಹೊಸಾದು ತಂಗಿ ಅಂದ್ರು ಸಾವಕಾರ್ರು. ತಮ್ಮ ಹೊಲದ ಸರ್ವೇಕ್ಕ ಅರ್ಜಿ ಕೊಟ್ಟಾಗ ಆಫೀಸಿನವರೂ ವರ್ಷಾನ ಮೊದಲ ಹೇಳಿದ್ರಂತ. ದಿನ ಇನ್ನೂ ಹೇಳಿಲ್ಲಂತ.

ಆಮ್ಯಾಲೆ ಇನ್ನೊಂದು ಪದ್ಧತಿ ತಿಳಿಸಿದೆ. ಅಲ್ಲಿ ಸರ್ಕಾರಿ ಕಾಗದದಾಗ ರಾಜನ ಕಾಲದ ಹೆಸರಿನ ಮ್ಯಾಲೆ ವರ್ಷ ಬರೀತಾರ. ಹೊಸ ರಾಜ ಬಂದ್ರ ಎಣಿಕಿ ಮತ್ತ ಒಂದರಿಂದ ಶುರು. ಹಾನಗಲ್ ಕಡೆ ಆಡೂರಿನಾಕಿ ಒಬ್ಬಾಕಿ ಅದಾಳ, ಆಕಿಗೆ ಇದು ಥಟ್ಟನ ತಿಳೀತು. ತಮ್ಮೂರಿನ ಕಲ್ಲಿನ ಶಾಸನದಾಗೂ ಇಂಥಾ ರಾಜ ಆಳೂ ಮುಂದ ಅಂತ ಕೆತ್ತ್ಯಾರಂದ್ಲು. ಪಾಠ ಒಬ್ಬರಿಗರ ಹತ್ತಿತಲ್ಲ ಅಂತ ನಾ ಖುಷಿಪಟ್ಟೆ.

ಸಾವಕಾರ್ರು ಚಹಾ ಮುಗಿಸಿ ವಿಚಾರ ಮಾಡಾಕತ್ತಿದ್ರು. ಇದನ್ನ ನಮ್ಮ ಪಂಚಾಯ್ತಿಗೂ ತರಬೇಕು ಅಂದ್ರು.

"ಎರಡೂವರಿ ವರ್ಷಕ್ಕೊಬ್ಬ ಹೊಸ ಅಧ್ಯಕ್ಷ ಬರ್ತಾನ. ಊರಾಗ ಮೂರನೇ ವರ್ಷ ಮುಗಿಯೂದ ಇಲ್ಲ. ನನಗ ವಯಸ್ಸ ಆಗೂದಿಲ್ಲ ತಂಗಿ."

೩. ಇವತ್ತ ಯಾವ ದಿನ

ದಿನಾ ಕ್ಲಾಸ್ ಶುರು ಆಗೂ ಮುಂದ ಇವತ್ತಿನ ತಾರೀಖು ಜಪಾನಿಯೊಳಗ ಹೇಳಬೇಕು ಅಂತ ಕಾನೂನು ಮಾಡಿದೆ. ಎಲ್ಲಾರೂ ಗ್ವಾಡಿ ಮ್ಯಾಲೆ ಕ್ಯಾಲೆಂಡರ್ ಹುಡುಕಾಕತ್ತಿದ್ರು. ಕನ್ನಡದಾಗರ ಹೇಳ್ರಿ ಅಂದ್ರ, ಅಮಾಸಿ ಆಗಿ ನಾಕನೇ ದಿನ ಅಂದ್ಲು ಒಬ್ಬಾಕಿ. ನಾಳೆ ನಮ್ಮೂರ ಸಂತಿ ಅಂದ ಇನ್ನೊಬ್ಬ. ಜಪಾನಿ ಬರದಿದ್ರ ನನ್ನ ತಪ್ಪು, ಒಪ್ಪಿದೆ. ತಾರೀಖ ಗೊತ್ತಿಲ್ಲದವರಿಗೆ ಯಾವ ಭಾಷಾದಾಗ ಕಲಿಸೂದು ನಾನು?

೪. ಜೂನ್ ಒಂದು

ಕಡೀಕ ಇಂಟರ್‌ವ್ಯೂ ಬಂತು. ಕಂಪ್ಯೂಟರಿನ್ಯಾಗ ಮಾರಿ ನೋಡಿ ಮಾತಾಡೂದು. ಮೊದಲನೇ ಪ್ರಶ್ನೆ ಹುಟ್ಟಿದ ದಿನ ಯಾವುದು ಅಂತ ಇರ್ತೈತಿ, ಅದು ನನಗ ಮೊದಲ ಗೊತ್ತಿತ್ತು. ಅದಕ್ಕ ಎಲ್ಲಾರ ಹುಟ್ಟಿದ ದಿನ ಬರೆಸಿಕೊಂಡೆ. ನೋಡಿದ್ರ ಒಂಬತ್ತೂ ಮಂದೀದು ಜೂನ್ ಒಂದು.

ನಿಮಗ ಇದರಾಗ ಆಶ್ಚರ್ಯ ಆದ್ರ ನೀವು ನಮ್ಮ ಕಡೆಯವರಲ್ಲ. ಸಾಲಿಗೆ ಹೆಸರು ಹಚ್ಚೂ ಮುಂದ ಮಾಸ್ತರ್ರು ಹುಟ್ಟಿದ ದಿನ ಕೇಳ್ತಾರ. ಅವ್ವ, ಸೀಗಿ ಹುಣ್ಣಿಮಿ ಮುಂದ ರೀ ಅಂತಾಳ. ಮಾಸ್ತರ್ರು ತಲಿ ಅಲ್ಲಾಡಿಸಿ ಜೂನ್ ಒಂದು ಅಂತ ಬರೀತಾರ. ಸಾಲಿ ಚಾಲೂ ಆಗೂ ದಿನ, ವಯಸ್ಸಿನ ಲೆಕ್ಕಾನೂ ಕೂಡ್ತೈತಿ. ಹಿಂಗಾಗಿ ನಾಕೂ ತಾಲೂಕಿನಾಗ ಅರ್ಧ ಮಂದಿ ಒಂದ ದಿನ ಹುಟ್ಟ್ಯಾರ. ಸೂಲಗಿತ್ತಿಯರು ಅವತ್ತ ಊಟಾ ಮಾಡಿದ್ರೋ ಇಲ್ಲೋ.

ನನಗಂತೂ ಹಬ್ಬ ಆತು. ಮುನ್ನೂರ ಅರವತ್ತೈದು ತಾರೀಖು ಕಲಿಸೂದ್ಯಾಕ, ಒಂದು ಕಲಿಸಿದ್ರಾತು. ರೊಕುಗತ್ಸು ತ್ಸುಯಿತಾಚಿ. ಆರನೇ ತಿಂಗಳು, ಒಂದನೇ ದಿನ. ಎಂಟು ದಿನ ಅದನ್ನ ಬಾಯಿಪಾಠ ಮಾಡಿಸಿದೆ. ಕೆಳಗ ಗೊಬ್ಬರ ಒಯ್ಯಾಕ ಬಂದ ರೈತರಿಗೂ ಬಾಯಿಗೆ ಬಂತು.

ಪರದೆ ಮ್ಯಾಲೆ ಬಂದವರು ವೃದ್ಧಾಶ್ರಮ ನಡಸೂ ಅಜ್ಜಿ, ಎಂಬತ್ತು ದಾಟಿದವರು. ಹಿರೇಕೆರೂರಿನಂವ ಮೊದಲ ಕುಂತು ಖಣ ಖಣ ಅಂತ ಜೂನ್ ಒಂದು ಹೇಳಿದ. ಅಜ್ಜಿ ನಕ್ಕರು. ಎರಡನೇದಾಕಿ ಹೇಳಿದ್ಲು, ಆಗೂ ನಕ್ಕರು. ಮೂರನೇದಕ್ಕ ನಗಿ ನಿಂತಿತು, ನಾಕನೇದಕ್ಕ ಪೆನ್ನು ಕೆಳಗಿಟ್ರು. ಎಲ್ಲಾರಿಗೂ ಒಂದ ಉತ್ತರ ಉರು ಹೊಡಿಸೀರೇನು ಅಂತ ನನ್ನ ಕೇಳಿದ್ರು. ಇಲ್ಲರೀ, ಖರೇನ ಐತಿ ಅಂತ ಆಧಾರ್ ಕಾರ್ಡು ಒಂದೊಂದ ತೋರಿಸಿದೆ. ಅನುಮಾನ ಹೋಗೂದು ಬಿಟ್ಟು ಗಟ್ಟಿ ಆತು. ಒಂಬತ್ತು ಮಂದಿ, ಒಂಬತ್ತು ಊರು, ಒಂದ ದಿನ. ಕಾಗದಾನ ಖೊಟ್ಟಿ ಅಂತ ತಿಳಿದ್ರೇನೋ.

ಸವಣೂರಿನಾಕಿ ಮಾರಿ ಬೆಳ್ಳಗಾತು. ಅಜ್ಜಿ ಕಡೀಕ ಒಂದ ಮಾತು ಕೇಳಿದ್ರು, ಟೀಚರ್, ನಿಮ್ಮದು ಯಾವ ದಿನ?

ಸುಳ್ಳು ಹೇಳಬೇಕು ಅನಿಸಿತು. ಬ್ಯಾರೆ ಯಾವ ತಾರೀಖೂ ಆ ಗಳಿಗ್ಯಾಗ ನಾಲಿಗಿ ಮ್ಯಾಲೆ ಬರಲಿಲ್ಲ.

"ರೊಕುಗತ್ಸು ತ್ಸುಯಿತಾಚಿ" ಅಂದೆ.

ಅಜ್ಜಿ ಚಸ್ಮಾ ತೆಗೆದು ಒರಸಾಕತ್ತಿದ್ರು. ಕೆಟ್ಟಿತು ಕೆಲಸ ಅಂತ ನಾ ತಲಿ ಕೆಳಗ ಹಾಕಿದೆ. ಆಗ ಸವಣೂರಿನಾಕಿ, ಯಾರೂ ಕೇಳದಿದ್ರೂ, ಕಂಪ್ಯೂಟರ್ ಮುಂದ ಬಂದು ಕನ್ನಡದಾಗ ಅಂದ್ಲು, "ನಮ್ಮವ್ವ ಮೆಣಸಿನಕಾಯಿ ಬಿಡಿಸೂ ಮುಂದ ನಾ ಹುಟ್ಟೇನ್ರಿ. ತಾರೀಖು ಮಾಸ್ತರ್ರು ಕೊಟ್ಟಾರ. ಅವ್ವ ಸುಳ್ಳಲ್ಲ, ನಾನೂ ಸುಳ್ಳಲ್ಲ." ಹೇಳೂದ್ರಾಗ ಕಣ್ಣಾಗ ನೀರು. ನಾ ಅದನ್ನ ಹಂಗ ಜಪಾನಿಗೆ ತಿರುವಿ ಹೇಳಿದೆ. ಮೆಣಸಿನಕಾಯಿ ಯಾವ ತಿಂಗಳು ಬಿಡಸ್ತಾರ ಅಂತ ಅಜ್ಜಿ ಕೇಳಿದ್ರು. ಡಿಸೆಂಬರ್, ಜನವರಿ ಅಂದೆ.

ಅಜ್ಜಿ ಚಸ್ಮಾ ಮತ್ತ ಹಾಕ್ಕೊಂಡ್ರು. ಆಮ್ಯಾಲೆ ಹೇಳಿದ್ರು, ತಾನೂ ಡಿಸೆಂಬರ್ ಕಡೀಕ ಹುಟ್ಟಿದಾಕಿ, ಅವರಪ್ಪ ಹೊಸ ವರ್ಷ ಛಲೋ ದಿನ ಅಂತ ಜನವರಿ ಒಂದು ಬರೆಸಿದ್ನಂತ. ಎಂಬತ್ತು ವರ್ಷದಿಂದ ಸುಳ್ಳು ದಿನಕ್ಕ ಕೇಕ್ ಕೊಯ್ಯಾಕತ್ತೇನಿ ಅಂತ ನಕ್ಕರು. ನನಗೂ ಅಳು ಬಂತು, ಖರೇ ಹೇಳ್ತೇನಿ.

ಹದಿನೈದು ದಿನಕ್ಕ ಪತ್ರ ಬಂತು. ಆರು ಮಂದಿ ಪಾಸು, ಸವಣೂರಿನಾಕಿ ಹೆಸರು ಮೊದಲಿಗೆ. ಕೆಳಗ ಕೆಲಸಕ್ಕ ಹಾಜರಾಗೂ ತಾರೀಖು ಜಪಾನಿ ಅಕ್ಷರದಾಗ ಬರೆದಿತ್ತು. ಅಜ್ಜಿ ಬೇಕಂತ ಇಟ್ಟಾರ, ಎರಡ ಮಾತಿಲ್ಲ. ಮೂರು ತಿಂಗಳು ಒಂದೂ ತಾರೀಖು ನೆಟ್ಟಗ ಓದದಾಕಿ, ಇದನ್ನ ಒಂದ ಉಸುರಿಗೆ ಓದಿದ್ಲು.

"ರೊಕುಗತ್ಸು ತ್ಸುಯಿತಾಚಿ!"

ಸಾವಕಾರ್ರು ಪೇಢೆ ತರಿಸಿದ್ರು. ಪಾಸಾದವರೆಲ್ಲಾ ಕುಣ್ಯಾಕತ್ತಿದ್ರು, ಈಕಿ ಒಬ್ಬಾಕಿ ಪತ್ರ ಹಿಡ್ಕೊಂಡು ವಿಚಾರದಾಗ ಬಿದ್ದಿದ್ಲು. ಓಣಿಗೆ ಹೇಳಾಕ ತಾರೀಖು ಸಿಕ್ಕಿತಲ್ಲವಾ, ಇನ್ನೇನು ಚಿಂತಿ ಅಂದೆ. ಹತ್ರ ಬಂದು ಸಣ್ಣ ದನಿಲೆ ಕೇಳಿದ್ಲು,

"ಅಕ್ಕೋರ, ಅವತ್ತ ನನ್ನ ಹುಟ್ಟಿದ ಹಬ್ಬ ಐತಿ. ರಜಾ ಕೊಡ್ತಾರೇನ್ರಿ?"