ಪ್ರಗತಿರಾಯರ ವರ್ತಮಾನಕಾಲ

ಎಲ್ಲ ಶುರುವಾದದ್ದು ಒಂದು ಗಂಟೆಯಿಂದ. ದೊಡ್ಡ ಗಂಟೆಯೇನಲ್ಲ, ಪ್ರಗತಿರಾಯರ ಮೊಬೈಲಿನೊಳಗಿನದು. ಬೆಳಗಿನ ಐದೂವರೆಗೆ ಅದು ‘ಡಣ್’ ಎಂದಿತು. ಹಿಂದೆಯೇ ಜೇನುತುಪ್ಪದಲ್ಲಿ ಅದ್ದಿ ತೆಗೆದಂಥ ಗಂಡುದನಿಯೊಂದು, “ನೀವು ಈ ಕ್ಷಣದಲ್ಲಿದ್ದೀರಾ?” ಎಂದು ಕೇಳಿತು.

“ಈ ಕ್ಷಣದವರೆಗೂ ನಿದ್ದೆಯಲ್ಲಿದ್ದೆ,” ಎಂದಳು ಪಕ್ಕದಲ್ಲಿದ್ದ ಹೆಂಡತಿ. “ಅದರ ಕತ್ತು ಹಿಸುಕಿ.”

ಗೋಡೆಯಾಚೆಯಿಂದ ನೆರೆಮನೆಯ ಡ್ರಿಲ್ ಮೇಷ್ಟ್ರು ದಬದಬ ಗುದ್ದಿದರು. “ರಾಯರೇ, ಇವತ್ತು ಯಾವುದು ಹೊಸದು?”

ಪ್ರಗತಿರಾಯ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ನಾಲ್ಕು ವರ್ಷಗಳಿಂದ ರಾಯರು ತಮ್ಮನ್ನು ತಾವು ಸುಧಾರಿಸಿಕೊಳ್ಳದೆ ಬಿಟ್ಟ ವಾರವೇ ಇರಲಿಲ್ಲ. ಮೆದುಳು ಚುರುಕಾಗಲೆಂದು ಎಡಗೈಯಲ್ಲಿ ಹಲ್ಲುಜ್ಜಿ ವಸಡು ಹರಿದುಕೊಂಡರು. ಮನೋಬಲ ಹೆಚ್ಚಲೆಂದು ಮುಂಜಾನೆ ತಣ್ಣೀರು ಸುರಿದುಕೊಂಡು ಹದಿನೈದು ದಿನ ಕೆಮ್ಮಿದರು. ಎದುರು ಬಂದವರಿಗೆಲ್ಲ ಮುಗುಳ್ನಗುವ ಅಭ್ಯಾಸ ಶುರುಮಾಡಿದಾಗ ಡ್ರಿಲ್ ಮೇಷ್ಟ್ರು ಐದನೇ ದಿನಕ್ಕೆ ದಾರಿಯಲ್ಲಿ ಅಡ್ಡಹಾಕಿ, “ನನ್ನ ಪ್ಯಾಂಟು ಎಲ್ಲಾದರೂ ಹರಿದಿದೆಯೇನ್ರೀ? ಇದ್ದರೆ ನೇರವಾಗಿ ಹೇಳಿ,” ಎಂದು ಜಗಳಕ್ಕೇ ನಿಂತಿದ್ದರು.

ಇಷ್ಟಾದರೂ ರಾಯರಿಗೆ ನೆಮ್ಮದಿ ಸಿಕ್ಕಿರಲಿಲ್ಲ. ತಾವು ವರ್ತಮಾನದಲ್ಲಿ ಬದುಕದಿರುವುದೇ ಇದಕ್ಕೆ ಕಾರಣವೆಂದು ಎಲ್ಲೋ ಓದಿದರು. ತಕ್ಷಣ ವರ್ತಮಾನಕ್ಕೂ ಒಂದು ಕೋರ್ಸು ಹಿಡಿದುಬಿಟ್ಟರು: ‘ನಲವತ್ತು ದಿನಗಳಲ್ಲಿ ಈ ಕ್ಷಣ’. ಹೊತ್ತುಗೊತ್ತಿಲ್ಲದೆ ಗಂಟೆ ಬಡಿಯುತ್ತದೆ. ಬಡಿದಾಗ ಕೈಲಿದ್ದದ್ದನ್ನು ಬಿಟ್ಟು ಒಂದು ನಿಮಿಷ ಕಣ್ಣು ಮುಚ್ಚಬೇಕು. ಇವತ್ತು ಮೊದಲನೇ ದಿನ.

ಹೆಂಡತಿ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಅವತ್ತು ಶಾಲೆಯೊಂದಕ್ಕೆ ಎಪ್ಪತ್ತು ಜೊತೆ ಯೂನಿಫಾರ್ಮ್ ಒಪ್ಪಿಸಬೇಕಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಗಂಡನಿಗೆ ಕೆಲಸ ಒಪ್ಪಿಸಿದಳು.

“ನೋಡ್ರೀ, ನಿಮ್ಮಕ್ಕ ಮೂರು ನಲವತ್ತರ ರೈಲಿಗೆ ಬಂದಿಳೀತಾರೆ. ಐದು ಹತ್ತಕ್ಕೆ ಅವರ ಮುಂದಿನ ರೈಲು. ಮಧ್ಯೆ ಇರೋದು ಒಂದೂವರೆ ಗಂಟೆ. ಆರು ವರ್ಷ ಆಯ್ತು ನೀವಿಬ್ಬರೂ ಮುಖ ನೋಡಿ. ನನಗಂತೂ ಬರೋಕಾಗಲ್ಲ. ಅವರಿಗೆ ಈ ಊಟದ ಡಬ್ಬಿ ತಗೊಂಡು ಆಫೀಸಿಂದ ಮೂರಕ್ಕೆ ಹೊರಟುಬಿಡಿ. ಕೇಳಿಸ್ತಾ?”

ರಾಯರು ಬಾಯಲ್ಲಿದ್ದ ತುತ್ತನ್ನು ಇಪ್ಪತ್ತೊಂಬತ್ತನೇ ಸಲ ಅಗಿಯುತ್ತಿದ್ದರು. ಮೂವತ್ತೆರಡು ಮುಗಿಸಿ, ನುಂಗಿ, ಹೆಂಡತಿಯ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: “ನಿನ್ನ ಮನಸ್ಸಲ್ಲಿ ಆತಂಕ ಇದೆ ಅಂತ ನನಗೆ ಕೇಳಿಸ್ತಾ ಇದೆ.”

“ಹಾಲು ಉಕ್ಕಿ ಒಲೆ ಆರಿದ್ದು ಕೇಳಿಸಲಿಲ್ವಾ?”

ಅಕ್ಕನೆಂದರೆ ರಾಯರಿಗೆ ಪ್ರಾಣ. ತಾಯಿ ಹೋದಮೇಲೆ ತಲೆ ಬಾಚಿ, ಮೂಗು ಒರೆಸಿ, ಶಾಲೆಗೆ ಕಳಿಸಿದವಳು ಅವಳೇ. ಆರು ವರ್ಷದ ಮೇಲಿನ ಈ ಭೇಟಿ ಸುಮ್ಮನೆ ಹರಟೆಯಲ್ಲಿ ಪೋಲಾಗಬಾರದೆಂದು ಅವರು ‘ಸಂಬಂಧ ಗಟ್ಟಿಮಾಡುವ ಏಳು ಪ್ರಶ್ನೆಗಳು’ ಎಂಬ ಪಟ್ಟಿಯನ್ನು ಹಾಳೆಗಿಳಿಸಿ ಜೇಬಿನಲ್ಲಿಟ್ಟುಕೊಂಡಿದ್ದರು.

ರಾಯರದು ಪಾರ್ಸೆಲ್ ಕಚೇರಿಯ ಎರಡನೇ ಕೌಂಟರು. ಪಕ್ಕದಲ್ಲಿ ತೂಕದ ಯಂತ್ರದ ಮುಂದೆ ಕೂರುವ ಹೆಂಗಸನ್ನು ಎಲ್ಲರೂ ತಕ್ಕಡಿಯಮ್ಮ ಎನ್ನುತ್ತಿದ್ದರು. ಅವಳ ಕೈಗೆ ಸಿಕ್ಕಿದ್ದು ತೂಕವಾಗದೆ ಉಳಿಯುತ್ತಿರಲಿಲ್ಲ.

ಮೊದಲನೇ ದಿನದ ಪಾಠ, ‘ಎದುರಿಗಿರುವ ವ್ಯಕ್ತಿಗೆ ಪೂರ್ತಿ ಗಮನ ಕೊಡಿ’. ಎದುರಿಗೆ ಬಂದದ್ದು ಮೊಮ್ಮಗನಿಗೆ ಸ್ವೆಟರ್ ಕಳಿಸಲು ಬಂದ ಅಜ್ಜಿ. ರಾಯರು ಗಲ್ಲಕ್ಕೆ ಕೈಕೊಟ್ಟು, “ಹೇಳಿ ಅಜ್ಜಿ,” ಎಂದರು. ಇಪ್ಪತ್ತು ವರ್ಷದಿಂದ ಯಾರೂ ಹಾಗೆ ಕೇಳಿರದಿದ್ದ ಅಜ್ಜಿ ಹೇಳತೊಡಗಿದರು. ಮೊಮ್ಮಗನ ಹುಟ್ಟಿನಿಂದ ಹಿಡಿದು ಸೊಸೆಯ ತವರಿನವರೆಗೆ ಹೋಗಿ, ಅಲ್ಲಿಂದ ತಮ್ಮ ಮಂಡಿನೋವಿಗೆ ಇಳಿದರು. ಸಾಲು ಬಾಗಿಲು ದಾಟಿ ಮೆಟ್ಟಿಲಿಳಿಯಿತು.

“ರೀ ಸ್ವಾಮಿ, ಅಜ್ಜಿ ಹೋಗಬೇಕಾ, ಸ್ವೆಟರ್ ಹೋಗಬೇಕಾ?” ಎಂದು ಹಿಂದಿನಿಂದ ಒಬ್ಬ ಕೂಗಿದ.

“ನಿಮ್ಮ ಕೋಪವನ್ನ ನಾನು ಗೌರವಿಸ್ತೀನಿ,” ಎಂದರು ರಾಯರು.

“ಕೋಪ ಇಟ್ಕೊಂಡು ಏನ್ರೀ ಮಾಡ್ಲಿ, ರಸೀದಿ ಕೊಡ್ರೀ!”

ಅಷ್ಟರಲ್ಲಿ ಡಣ್ ಎಂದಿತು. ರಾಯರು ಕಣ್ಣು ಮುಚ್ಚಿದರು. ಸಾಲಿಗೆ ಸಾಲೇ ಬಾಯಿ ತೆರೆಯಿತು. ರಾಯರಿಗೆ ತಲೆ ಸುತ್ತಿರಬೇಕೆಂದು ಯಾರೋ ನೀರು ಚಿಮುಕಿಸಿದರು. ಅಜ್ಜಿ ತಮ್ಮ ಮಂಡಿಯ ಮುಲಾಮು ತೆಗೆದು ರಾಯರ ಹಣೆಗೆ ಬಳಿದರು. ಈ ಗದ್ದಲದಲ್ಲಿ ತಕ್ಕಡಿಯಮ್ಮ ಮಾತ್ರ ತನ್ನ ಕೆಲಸ ಬಿಡಲಿಲ್ಲ. ಕೌಂಟರಿನ ಮೇಲೆ ಅಚ್ಚುಕಟ್ಟಾಗಿ ಬಟ್ಟೆ ಸುತ್ತಿ ಗಂಟು ಹಾಕಿದ್ದ ವಸ್ತುವೊಂದು ಕಂಡಿತು. ತೂಗಿದಳು, ಚೀಟಿ ಅಂಟಿಸಿದಳು, ಚೀಲಕ್ಕೆ ಹಾಕಿದಳು.

ಮೂರು ಗಂಟೆಗೆ ರಾಯರು ಎದ್ದು ನೋಡಿದರೆ ಡಬ್ಬಿ ಇಲ್ಲ.

“ಅದು ನಿಮ್ಮದಾ ಸಾರ್? ಒಂದು ಕೇಜಿ ಇನ್ನೂರು ಗ್ರಾಂ ಇತ್ತು,” ಎಂದಳು ತಕ್ಕಡಿಯಮ್ಮ. “‘ಒಡೆಯುವ ವಸ್ತು, ಜೋಪಾನ’ ಅಂತ ಚೀಟಿ ಹಾಕಿದೀನಿ, ಹೆದರಬೇಡಿ. ಚೀಲಕ್ಕೆ ಅರಗಿನ ಮುದ್ರೆಯೂ ಆಯ್ತು.”

ರಾಯರು ಮೇಲಧಿಕಾರಿಯ ಕೋಣೆಗೆ ಓಡಿದರು. ಮೇಲಧಿಕಾರಿ ನಿಧಾನವಾಗಿ ಕನ್ನಡಕ ಏರಿಸಿಕೊಂಡರು. “ಮುದ್ರೆ ಹಾಕಿದ ಚೀಲ ಒಡೆಯೋಕೆ ನಮೂನೆ ತುಂಬಬೇಕಲ್ಲ ರಾಯರೇ. ವಸ್ತು ಯಾವುದು?”

“ಊಟ ಸಾರ್.”

“ಊಟ ಅಂತ ಪಟ್ಟಿಯಲ್ಲಿ ಇಲ್ಲ. ಬಟ್ಟೆ, ಪುಸ್ತಕ, ಔಷಧಿ, ಯಂತ್ರದ ಬಿಡಿಭಾಗ. ಇಷ್ಟೇ ಇರೋದು.”

“ಔಷಧಿ ಅಂತ ಹಾಕಿಬಿಡಿ ಸಾರ್, ರೈಲು ಬರುತ್ತೆ!”

“ಔಷಧಿಗೆ ವೈದ್ಯರ ಚೀಟಿ ಬೇಕು. ಬಿಡಿಭಾಗ ಅಂತ ಬರೀರಿ.”

ನಮೂನೆ ಮೂರು ಪ್ರತಿ. ಮೂರನೆಯದಕ್ಕೆ ಸಹಿ ಹಾಕುವಾಗ ಮತ್ತೆ ಡಣ್. ಅಭ್ಯಾಸ ಮುರಿಯಬಾರದೆಂದು ರಾಯರು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಸಹಿ ಗೆರೆಯಿಂದಿಳಿದು ಮೇಜಿನ ಮೇಲೆ ಹರಿದಿತ್ತು. ಮತ್ತೆ ಮೊದಲಿಂದ ಮೂರು ಪ್ರತಿ. ಚೀಲ ಒಡೆದು ಡಬ್ಬಿ ಕೈಗೆ ಬರುವಾಗ ನಾಲ್ಕು ಗಂಟೆ.

“ಐದೂಮುಕ್ಕಾಲಿಗೆ ವ್ಯಾನ್ ಬರುತ್ತೆ,” ಎಂದರು ಮೇಲಧಿಕಾರಿ. “ನೀವು ಒಡೆದ ಚೀಲಕ್ಕೆ ನೀವೇ ಮತ್ತೆ ಮುದ್ರೆ ಹಾಕಿ ಸಹಿ ಮಾಡಬೇಕು. ಐದೂವರೆಗೆ ಇಲ್ಲಿರದಿದ್ರೆ, ನಾಳೆ ನಿಮಗೆ ಬೇರೆ ನಮೂನೆ ಕೊಡ್ತೀನಿ.”

ರಾಯರು ಓಡಿ ಹೋಗಿ ಬಸ್ಸು ಹಿಡಿದರು. ಸಮಾಧಾನಕ್ಕೆಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು. ಜೇನುದನಿ ಹೇಳಿತು: “ನೀವು ಎಲ್ಲಿಗೂ ಹೋಗಬೇಕಾಗಿಲ್ಲ. ನೀವು ಈಗಾಗಲೇ ತಲುಪಿದ್ದೀರಿ. ಉಸಿರನ್ನು ಗಮನಿಸಿ.” ರಾಯರು ಉಸಿರನ್ನು ಗಮನಿಸಿದರು. ಎಷ್ಟು ಚೆನ್ನಾಗಿ ಗಮನಿಸಿದರೆಂದರೆ, ರೈಲು ನಿಲ್ದಾಣ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ.

“ಸ್ಟೇಷನ್ ಎಲ್ಲಿ?” ಎಂದು ಎರಡು ಸ್ಟಾಪಿನಾಚೆ ಕೂಗಿದರು.

“ಅದು ಅಲ್ಲೇ ಇದೆ. ನೀವು ಮುಂದೆ ಬಂದಿದ್ದೀರಿ,” ಎಂದ ಕಂಡಕ್ಟರ್.

ಇಳಿಯುವ ನೂಕುನುಗ್ಗಲಲ್ಲಿ ಇಯರ್‌ಫೋನ್ ಯಾರದೋ ಚೀಲಕ್ಕೆ ಸಿಕ್ಕಿ ಕಿತ್ತುಹೋಯಿತು. ಬಸ್ಸು ಜೇನುದನಿಯನ್ನು ಎಳೆದುಕೊಂಡು ಹೋಯಿತು. ಹಿಂದಕ್ಕೆ ಓಡುವಾಗ ಅರ್ಧ ದಾರಿಗೆ ಚಪ್ಪಲಿಯ ಬಾರು ಕಿತ್ತಿತು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ಚಪ್ಪಲಿ, ಹಣೆಯಲ್ಲಿ ಮಂಡಿಯ ಮುಲಾಮು. ಈ ಅವತಾರದಲ್ಲಿ ಪ್ಲಾಟ್‌ಫಾರ್ಮಿಗೆ ನುಗ್ಗಿದಾಗ ಐದಕ್ಕೆ ಹದಿನೈದು ನಿಮಿಷ ಬಾಕಿ.

ಅಕ್ಕ ಬೆಂಚಿನ ಮೇಲೆ ಎರಡು ಪೆಟ್ಟಿಗೆಗಳ ನಡುವೆ ಕೂತಿದ್ದಳು. ತಮ್ಮನನ್ನು ಕಂಡು ಎದ್ದಳು, ಮುಖ ಅರಳಿತು, ಮರುಗಳಿಗೆಗೆ ಗಂಟಿಕ್ಕಿತು.

“ಒಂದು ಗಂಟೆಯಿಂದ ಕಂಬ ಎಣಿಸ್ತಾ ಕೂತಿದ್ದೀನಿ ಕಣೋ. ಹದಿನೆಂಟಿವೆ. ಹಣೆಗೇನೋ ಅದು?”

ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ರಾಯರಿಗೆ ಏನೇನೋ ಹೇಳಬೇಕೆನಿಸಿತು. ಅಷ್ಟರಲ್ಲಿ ಪಟ್ಟಿ ನೆನಪಾಯಿತು. ಹಾಳೆ ತೆಗೆದು ಕೆಮ್ಮಿ, “ಅಕ್ಕಾ, ನಿನ್ನ ಬದುಕಿನ ಮೂರು ಮುಖ್ಯ ಗುರಿ ಯಾವುವು?” ಎಂದು ಓದಿದರು.

ಅಕ್ಕ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಒಂದು, ಆ ಡಬ್ಬಿ ಇಲ್ಲಿ ಕೊಡು. ಎರಡು, ಈ ಪೆಟ್ಟಿಗೆ ಎತ್ಕೋ. ಮೂರು, ಬಾಯಿ ಮುಚ್ಚು. ರೈಲು ಬಂತು.”

ರಾಯರು ಪೆಟ್ಟಿಗೆಗಳನ್ನು ಒಳಗೆ ಸಾಗಿಸಿ ಸೀಟಿನಡಿ ತಳ್ಳಿದರು. ಹೊರಡಲು ಇನ್ನೂ ಹದಿನೈದು ನಿಮಿಷವಿತ್ತು. “ಕೂತ್ಕೋ,” ಎಂದು ಅಕ್ಕ ಡಬ್ಬಿ ಬಿಚ್ಚಿ ಅವರ ಬಾಯಿಗೂ ಒಂದು ತುತ್ತು ತುರುಕಿದಳು. ರಾಯರು ಅಗಿಯುವುದನ್ನು ಎಣಿಸಲು ಹೊರಟರು. ಎಣಿಕೆ ಐದಕ್ಕೆ ಬರುವಷ್ಟರಲ್ಲಿ ಅಕ್ಕ ಕೇಳಿದಳು: “ಇನ್ನೂ ಬಾಗಿಲಿಗೆ ಜೋತು ಬೀಳ್ತೀಯೇನೋ?”

ಲೆಕ್ಕ ತಪ್ಪಿತು. ಒಂಬತ್ತನೇ ವಯಸ್ಸಿನಲ್ಲಿ ರಾಯರು ಉದ್ದವಾಗಬೇಕೆಂದು ದಿನಾ ಸಂಜೆ ಬಾಗಿಲ ಚೌಕಟ್ಟಿಗೆ ನೇತಾಡುತ್ತಿದ್ದರು. ಆಮೇಲೆ ಗೋಡೆಗೆ ಒತ್ತಿ ನಿಂತು ಸೀಮೆಸುಣ್ಣದ ಗೆರೆಯೊಂದಿಗೆ ಎತ್ತರ ಹೋಲಿಸುತ್ತಿದ್ದರು. ದಿನಾ ಒಂದು ಕೂದಲೆಳೆಯಷ್ಟು ಬೆಳೆದಿರುತ್ತಿದ್ದರು.

“ಒಂದು ತಿಂಗಳಲ್ಲಿ ಒಂದಿಂಚು ಬೆಳೆದೆ, ಗೊತ್ತಾ?” ಎಂದರು ಹೆಮ್ಮೆಯಿಂದ. “ಪ್ರಯತ್ನಪಟ್ಟರೆ ಆಗುತ್ತೆ ಅಂತ ನನಗೆ ನಂಬಿಕೆ ಬಂದದ್ದೇ ಆವಾಗ.”

“ನೀನೆಲ್ಲಿ ಬೆಳೆದೆಯೋ, ಮಂಕೆ! ಬೆಳೀಲಿಲ್ಲ ಅಂತ ಅಳ್ತಾ ಮಲಗ್ತಿದ್ದೆ. ನೋಡೋಕಾಗದೆ ನಾನೇ ಎದ್ದು ಗೆರೆ ಒರೆಸಿ ಸ್ವಲ್ಪ ಕೆಳಗೆ ಎಳೀತಿದ್ದೆ.”

ರಾಯರ ಜೀವನದ ಮೊಟ್ಟಮೊದಲ ಪ್ರಗತಿಯೇ ಖೋಟಾ! ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಮೊದಲು ಹೊಟ್ಟೆಯೊಳಗೆ ಗುಡುಗುಡು ಎಂದಿತು, ಆಮೇಲೆ ಭುಜ ಕುಣಿಯಿತು, ಕೊನೆಗೆ ಕಣ್ಣಲ್ಲಿ ನೀರು ಸುರಿಯಿತು. ಅಕ್ಕನೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಎದುರು ಕೂತಿದ್ದ ಅಪರಿಚಿತ ದಂಪತಿಯೂ ನಕ್ಕರು. ಮತ್ತೆ ಅಪ್ಪನ ಛತ್ರಿಯ ಕತೆ ಬಂತು, ಮೊಟ್ಟೆಯಿಡದ ಕೋಳಿಯ ಕತೆ ಬಂತು. ಜೇಬಿನಲ್ಲಿ ಮೊಬೈಲು ಡಣ್ ಎಂದದ್ದು ರಾಯರಿಗೆ ಕೇಳಿಸಲೇ ಇಲ್ಲ. ಡಬ್ಬಿಯ ತಳ ಕಂಡಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ರಾಯರು ಎಲ್ಲಿ ಕೂತಿದ್ದರೋ ಅಲ್ಲೇ ಇದ್ದರು.

ತೊಂದರೆಯೆಂದರೆ, ಅವರು ಕೂತಿದ್ದ ಜಾಗವೇ ಹೊರಟುಬಿಟ್ಟಿತ್ತು.

ಕಿಟಕಿಯಾಚೆ ಕಂಬಗಳು ಒಂದೊಂದಾಗಿ ಹಿಂದಕ್ಕೆ ಓಡುವುದನ್ನು ಕಂಡಾಗ ರಾಯರು ಹೌಹಾರಿ ಎದ್ದರು. “ಇಳೀಬೇಕು! ನಾನು ಇಳೀಬೇಕು!”

“ಈಗ ಇಳಿದರೆ ತುಂಡುತುಂಡಾಗಿ ಮನೆ ಸೇರ್ತೀರಿ,” ಎಂದ ಎದುರಿನ ಗಂಡಸು. “ಮುಂದೆ ನಿಲ್ಲೋದು ಏಳೂವರೆಗೇನೇ.”

ಮೇಲಧಿಕಾರಿಯ ಫೋನು ಬಂತು. “ರಾಯರೇ, ಎಲ್ಲಿದ್ದೀರಿ?”

“ಇಲ್ಲೇ ಇದ್ದೀನಿ ಸಾರ್.”

“ಇಲ್ಲೇ ಅಂದ್ರೆ ಎಲ್ಲಿ?”

ರಾಯರು ಕಿಟಕಿಯಿಂದ ಇಣುಕಿದರು. ಒಂದು ಇಟ್ಟಿಗೆ ಗೂಡು ಬಂತು, ಹೋಯಿತು. ಒಂದು ಎಮ್ಮೆ ಬಂತು, ಹೋಯಿತು. “ಹೇಳೋಕೆ ಸ್ವಲ್ಪ ಕಷ್ಟ ಸಾರ್,” ಎಂದರು. ಆ ಕಡೆಯಿಂದ ಬಂದ ಮಾತುಗಳನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿದು ಕೇಳಿ, ಫೋನು ಆಫ್ ಮಾಡಿ ಕೂತರು.

ಸ್ವಲ್ಪ ಹೊತ್ತು ತಲೆ ಮೇಲೆ ಕೈಹೊತ್ತಿದ್ದರು. ಆಮೇಲೆ ಏನೋ ಹಗುರಾಯಿತು. ಹೋದ ಮುದ್ರೆ ಹೋಯಿತು, ನಾಳೆಯ ಬೈಗುಳ ನಾಳೆಗಿರಲಿ. ಇವತ್ತು ಏಳೂವರೆಯವರೆಗೆ ಅಕ್ಕ ಇದ್ದಾಳೆ. ಗುರಿ ಬೇಡ, ಗಂಟೆ ಬೇಡ, ಕೋರ್ಸು ಬೇಡ. ಇಂಥ ಎರಡು ಗಂಟೆಗಿಂತ ದೊಡ್ಡದು ಇನ್ನೇನಿದೆ? ಕಾಲು ಮೇಲೆಳೆದುಕೊಂಡು ಚಕ್ಕಳಮಕ್ಕಳ ಕೂತು, “ಅಕ್ಕಾ, ಇನ್ನೊಂದು ಕತೆ ಹೇಳೇ,” ಎಂದರು ಒಂಬತ್ತು ವರ್ಷದ ಹುಡುಗನಂತೆ.

ಅಕ್ಕ ಕೈಗಡಿಯಾರ ನೋಡಿದಳು.

“ಏಳು ಪ್ರಶ್ನೆ ಬರ್ಕೊಂಡು ಬಂದೆ. ಎಲ್ಲಿಗೆ ಹೋಗ್ತಿದ್ದೀಯ ಅಂತ ಒಂದು ಮಾತು ಕೇಳಲಿಲ್ಲ ನೋಡು ನೀನು,” ಎಂದಳು. “ಸೊಸೆ ಹೇಳ್ತಾಳೆ, ನಾನು ಮಾತು ಜಾಸ್ತಿ ಆಡ್ತೀನಂತೆ. ನನಗೂ ಹೌದು ಅನ್ನಿಸ್ತು. ಈ ವಯಸ್ಸಲ್ಲಾದರೂ ಸುಧಾರಿಸ್ಕೋಬೇಕಲ್ಲ? ಹತ್ತು ದಿನದ ಮೌನ ಶಿಬಿರಕ್ಕೆ ಹೆಸರು ಕೊಟ್ಟಿದ್ದೀನಿ. ಮೊದಲನೇ ದಿನ ಸಂಜೆ ಐದೂವರೆಗೆ, ಎಲ್ಲಿದ್ದರೆ ಅಲ್ಲಿಂದಲೇ ಶುರುಮಾಡಬೇಕಂತೆ. ಇನ್ನೊಂದು ನಿಮಿಷ ಇದೆ. ಊಟ ಚೆನ್ನಾಗಿತ್ತು ಅಂತ ನಿನ್ನ ಹೆಂಡತಿಗೆ ಹೇಳು. ಬಾಗಿಲ ಹತ್ತಿರ ನಿಲ್ಲಬೇಡ. ಮತ್ತೆ…”

ಅಷ್ಟೇ. ಬಾಯಿ ಟಪ್ಪೆಂದು ಮುಚ್ಚಿಕೊಂಡಿತು.

“ಅಕ್ಕಾ?”

ಅಕ್ಕ ತುಟಿಯ ಮೇಲೆ ಬೆರಳಿಟ್ಟಳು.

“ಅಕ್ಕಾ, ತಮಾಷೆ ಮಾಡಬೇಡ. ಮತ್ತೆ ಅಂದೆಯಲ್ಲ, ಮತ್ತೆ ಏನು?”

ಅಕ್ಕ ಕಣ್ಣು ಮುಚ್ಚಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ರಾಯರು ಕೆಮ್ಮಿದರು. ಬೇಡಿಕೊಂಡರು. ಬಾಗಿಲಿಗೆ ಜೋತು ಬೀಳುತ್ತೇನೆಂದು ಹೆದರಿಸಿದರು. ಕಲ್ಲು ಕೂಡ ಅಷ್ಟು ಗಟ್ಟಿಯಾಗಿ ಕೂರುವುದಿಲ್ಲ. ಸುಧಾರಿಸುವ ಹಟ ಈ ಮನೆತನದಲ್ಲಿ ಒಬ್ಬರಿಗೇ ಇದ್ದದ್ದಲ್ಲವೆಂದು ರಾಯರಿಗೆ ಆಗ ತಿಳಿಯಿತು.

ಬೋಗಿಯ ಆ ಕೊನೆಯಿಂದ ಕಪ್ಪು ಕೋಟಿನ ಟಿಕೆಟ್ ತಪಾಸಣೆಯವನು ಬಂದ. ಅಕ್ಕನ ಮುಂದೆ ನಿಂತು ಕೈಚಾಚಿದ. ಅವಳು ಕಣ್ಣು ತೆರೆದು ಟಿಕೆಟ್ ಕೊಟ್ಟಳು.

“ಇವರು ನಮ್ಮಕ್ಕ,” ಎಂದು ರಾಯರು ಗಡಬಡಿಸಿದರು. “ಪೆಟ್ಟಿಗೆ ಹತ್ತಿಸೋಕೆ ಬಂದಿದ್ದೆ. ಮಾತಾಡ್ತಾ ಮಾತಾಡ್ತಾ ರೈಲು ಹೊರಟುಬಿಡ್ತು. ಬೇಕಾದರೆ ಇವರನ್ನೇ ಕೇಳಿ. ಅಕ್ಕಾ, ಹೇಳೇ!”

ಅಕ್ಕ ಚೀಲದಿಂದ ಒಂದು ಹಳದಿ ಕಾರ್ಡು ತೆಗೆದು ಅವನ ಮುಂದೆ ಹಿಡಿದಳು. ಅವನು ಬಗ್ಗಿ ಗಟ್ಟಿಯಾಗಿ ಓದಿದ: “‘ನಾನು ಮೌನದಲ್ಲಿದ್ದೇನೆ. ದಯವಿಟ್ಟು ನನ್ನನ್ನು ಮಾತಿಗೆ ಎಳೆಯಬೇಡಿ.’” ಓದಿ, ಭಕ್ತಿಯಿಂದ ತಲೆಬಾಗಿ ಕಾರ್ಡು ಹಿಂದಿರುಗಿಸಿದ. ಆಮೇಲೆ ರಾಯರ ಕಡೆ ತಿರುಗಿದ. ಪಕ್ಕದಲ್ಲಿದ್ದ ಕಿತ್ತ ಚಪ್ಪಲಿ ನೋಡಿದ, ಹಣೆಯ ಮುಲಾಮು ನೋಡಿದ, ಜೇಬಿನಿಂದ ರಸೀದಿ ಪುಸ್ತಕ ಹೊರತೆಗೆದ.

“ಮಾತಾಡ್ತಾ ಮಾತಾಡ್ತಾ ಅಂದ್ರಾ? ಇವರ ಜೊತೆ?”