ಬಕೆಟ್ಟಿನಲ್ಲಿ ಹೊಳೆ

"ಮಳೆ ಬಂತೆಂದು ಮನೆಯಲ್ಲಿ ಕೂರುವವನು ಗಾಳಗಾರನೇ ಅಲ್ಲ."

ಹೋದ ವಾರದ ಅಂಕಣದಲ್ಲಿ ಗಾಳದ ಮೇಷ್ಟ್ರು ಈ ಒಂದು ವಾಕ್ಯ ಬರೆಯದೇ ಇದ್ದಿದ್ದರೆ ಅವರಿಗೆ ಈ ಗತಿ ಬರುತ್ತಿರಲಿಲ್ಲ. ಬರೆದರು. ಅದೂ ಎಲ್ಲಿ ಕೂತು? ಅಡುಗೆಮನೆಯ ಮೇಜಿನ ಮುಂದೆ, ಹೆಗಲಿಗೆ ಕಂಬಳಿ ಹೊದ್ದು, ಕಾಲೆರಡನ್ನೂ ತಣ್ಣೀರಿನ ಬಕೆಟ್ಟಿನಲ್ಲಿ ಇಳಿಬಿಟ್ಟು. ಹೊಳೆ, ಕಾಡು, ಟ್ರೌಟ್ ಮೀನು ಅಂತ ಹನ್ನೊಂದು ವರ್ಷ ವಾರವಾರ ಪತ್ರಿಕೆಗೆ ಬರೆದದ್ದೆಲ್ಲ ಆ ಬಕೆಟ್ಟಿನ ಪ್ರಸಾದ. ನಿಜವಾದ ಹೊಳೆಯನ್ನು ಪುಣ್ಯಾತ್ಮರು ಬಸ್ಸಿನ ಕಿಟಕಿಯಿಂದ ಎರಡೇ ಸಲ ನೋಡಿದ್ದರು. ಒಂದು ಸಲ ಅರೆನಿದ್ದೆಯಲ್ಲಿದ್ದರು.

ಭಾನುವಾರ ಬೆಳಗ್ಗೆ ಆರಕ್ಕೆ, ಮಳೆ ಧಾರಾಕಾರ ಸುರಿಯುತ್ತಿರುವಾಗ ಫೋನು ಹೊಡೆದುಕೊಂಡಿತು. ಪತ್ರಿಕೆಯ ಮಾಲೀಕರಿಗೆ ಹೆಣ್ಣು ಕೊಟ್ಟ ಮಾವನವರು.

"ಮೇಷ್ಟ್ರೇ, ನೀವು ಬರೆದದ್ದು ಓದಿದಾಗಿನಿಂದ ಒಂದು ಒಳ್ಳೆ ಮಳೆಗೆ ಕಾಯ್ತಾ ಇದ್ದೆ. ಬಂತು ನೋಡಿ. ಅರ್ಧ ಗಂಟೇಲಿ ಜೀಪ್ ತರ್ತೀನಿ. ನೀವು ಟ್ರೌಟ್ ಹಿಡಿಯೋದನ್ನ ಕಣ್ಣಾರೆ ನೋಡ್ಬೇಕು."

ಮೇಷ್ಟ್ರು ಫೋನಿಟ್ಟು ಕಿಟಕಿಯಾಚೆಯ ಮಳೆಗೆ ಶಾಪ ಹಾಕಿದರು. ಹೋದ ತಿಂಗಳು ಆರೋಗ್ಯದ ಅಂಕಣ ಬರೆಯುತ್ತಿದ್ದವನು ಅಚ್ಚುಮನೆಯ ಹಿಂದೆ ಬೀಡಿ ಸೇದುತ್ತ ಸಿಕ್ಕಿಬಿದ್ದಿದ್ದ. ಬೀಡಿ ಆರುವ ಮೊದಲೇ ಮಾಲೀಕರು ಅವನನ್ನು ಮನೆಗೆ ಕಳಿಸಿದ್ದರು. ಇನ್ನು ಹನ್ನೊಂದು ವರ್ಷ ಬಕೆಟ್ಟಿನಲ್ಲಿ ಮೀನು ಹಿಡಿದವನನ್ನು ಬಿಡುತ್ತಾರೆಯೇ?

"ಜ್ವರ ಅಂತ ಹೇಳಿಬಿಡ್ಲೇನೇ?" ಅಂದರು ಹೆಂಡತಿಗೆ.

"ಜ್ವರ ಬಂದಾಗಲೇ ನಾನು ಹೊಳೆಗಿಳಿಯೋದು ಅಂತ ಹೋದ ವರ್ಷ ಬರೆದಿದ್ರಲ್ಲ," ಎಂದು ಆಕೆ ಅಟ್ಟದಿಂದ ಗಾಳದ ಕೋಲಿನ ಚೀಲ ಇಳಿಸಿದಳು. ಅದು ಪತ್ರಿಕೆಯಲ್ಲಿ ಹಾಕುವ ಫೋಟೋಕ್ಕೆಂದು ಹಳೇ ಸಾಮಾನಿನ ಅಂಗಡಿಯಿಂದ ತಂದ ಕೋಲು. "ಸುಮ್ನೆ ಹೋಗ್ಬನ್ನಿ. ಬಾಯಿ ಮಾತ್ರ ಮುಚ್ಕೊಂಡಿರಿ."

ಬಾಯಿ ಮುಚ್ಚಿಕೊಂಡಿರಲು ಮಾವನವರು ಬಿಡಬೇಕಲ್ಲ. ಜೀಪಿನಲ್ಲಿ ಅವರ ಪಕ್ಕದಲ್ಲೊಂದು ದಪ್ಪ ಪುಸ್ತಕವಿತ್ತು. ಮೇಷ್ಟ್ರ ಅಂಕಣಗಳನ್ನೆಲ್ಲ ಕತ್ತರಿಸಿ ಅಂಟಿಸಿದ್ದರು, ಅಲ್ಲಲ್ಲಿ ಕೆಂಪು ಗೆರೆ ಬೇರೆ. ಆ ಕೆಂಪು ಗೆರೆ ಯಾಕೆ ಎಂದು ಕೇಳುವ ಧೈರ್ಯ ಮೇಷ್ಟ್ರಿಗೆ ಬರಲಿಲ್ಲ.

ಹೊಳೆ ಕೆಂಪಾಗಿ, ಬಂಡೆಗಳಿಗೆ ಬಡಿದುಕೊಂಡು ಓಡುತ್ತಿತ್ತು. ಇಷ್ಟೊಂದು ಸದ್ದು ಮಾಡುತ್ತದೆಂದು ಮೇಷ್ಟ್ರಿಗೆ ಗೊತ್ತೇ ಇರಲಿಲ್ಲ. ಬಕೆಟ್ಟು ಯಾವತ್ತೂ ತುಟಿಪಿಟಕ್ಕೆಂದಿರಲಿಲ್ಲ.

"ನೀರಿನ ರುಚಿ ನೋಡಿಯೇ ಮೀನೆಲ್ಲಿದೆ ಅಂತ ಹೇಳ್ತೀನಿ ಅಂತ ಬರೆದಿದ್ದೀರಿ," ಎಂದು ಮಾವನವರು ಪುಸ್ತಕ ತೆರೆದರು. "ನೋಡಿ, ಹೇಳಿ."

ಮೇಷ್ಟ್ರು ಬೊಗಸೆ ನೀರು ಬಾಯಿಗೆ ಹಾಕಿಕೊಂಡರು. ಅರ್ಧ ಮಣ್ಣು. ಉಗುಳಿದರೆ ಕೆಲಸ ಹೋಗುತ್ತದೆಂದು ಕಣ್ಣು ಮುಚ್ಚಿ ನುಂಗಿದರು. ಆಮೇಲೆ ಕೈಗೆ ಸಿಕ್ಕ ದಿಕ್ಕಿಗೆ ಬೆರಳು ತೋರಿಸಿ, "ಅಲ್ಲಿ," ಅಂದರು.

"ಕೋಲು?"

ಕೋಲು ಮೂರು ತುಂಡಾಗಿತ್ತು. ಯಾವ ತುಂಡು ಯಾವುದಕ್ಕೆ ಸೇರುತ್ತದೋ ದೇವರೇ ಬಲ್ಲ. "ನಮ್ಮಲ್ಲಿ ಕೋಲು ಜೋಡಿಸೋದು ಶಿಷ್ಯನ ಕೆಲಸ, ಯಜಮಾನ್ರೇ. ಗುರು ಮುಟ್ಟಬಾರದು."

ಮಾವನವರು ಒಂದು ಕ್ಷಣ ಅವರ ಮುಖವನ್ನೇ ನೋಡಿದರು. ಆಮೇಲೆ ತಮಗೆ ತೋಚಿದ ಹಾಗೆ ಜೋಡಿಸಿ ಕೊಟ್ಟರು. ಮೇಷ್ಟ್ರು ಕೋಲು ಹಿಡಿದು ಬೀಸಿದ್ದೇ ತಡ, ಗಾಳ ಹಿಂದಿನಿಂದ ಬಂದು ಅವರ ಟೋಪಿಯನ್ನೇ ಎತ್ತಿಕೊಂಡು ಹೋಗಿ ಹೊಳೆಗೆ ಹಾಕಿತು.

"ಗಾಳಿ ನೋಡೋದು ಹೀಗೇ," ಅಂದರು ಮೇಷ್ಟ್ರು. ದನಿ ನಡುಗುತ್ತಿತ್ತು. ಚಳಿ ಅಂದುಕೊಳ್ಳಲಿ ಎಂದು ಹಲ್ಲು ಕಟಕಟಿಸಿದರು.

ಅಷ್ಟರಲ್ಲಿ ಕೊಡೆ ಹಿಡಿದು ಹೊಳೆ ಕಾವಲಿನವನು ಬಂದ. ಇಂಥವರು ಕರೆಯದೆಯೇ ಬರುತ್ತಾರೆ, ಹೇಳಿದರೂ ಹೋಗುವುದಿಲ್ಲ. ಮಾವನವರು ಮೊದಲೇ ಮಾಡಿಸಿಟ್ಟಿದ್ದ ಮೀನು ಹಿಡಿಯುವ ಪರವಾನಗಿ ನೋಡಿದ. ಆಮೇಲೆ ಕೋಲು ನೋಡಿದ.

"ಸ್ವಾಮಿ, ದಾರ ಸುತ್ತೋ ರೀಲು ತಲೆಕೆಳಗಾಗಿದೆ."

ಮಾವನವರು ಕನ್ನಡಕ ಒರೆಸಿ ಹಾಕಿಕೊಂಡರು. ತಪ್ಪು ಅವರದೇ, ಆದರೆ ಅದನ್ನು ಕಾಣದೆ ಇಷ್ಟು ಹೊತ್ತು ಕೋಲು ಬೀಸಿದ ಗುರು ಯಾರು? ಮೇಷ್ಟ್ರ ಕಣ್ಣ ಮುಂದೆ ಆರೋಗ್ಯದ ಅಂಕಣದವನ ಬೀಡಿ ಹೊಗೆಯಾಡಿತು. ಮಗಳ ಕಾಲೇಜು, ಮನೆ ಬಾಡಿಗೆ, ಈ ವಯಸ್ಸಿನಲ್ಲಿ ಯಾರು ಕೆಲಸ ಕೊಡುತ್ತಾರೆ ಎಂಬುದೆಲ್ಲ ಒಟ್ಟಿಗೆ ನೆನಪಾಯಿತು.

"ಮಳೇಲಿ ಹೀಗೇ ಹಿಡಿಯೋದಪ್ಪ. ಇಲ್ಲದಿದ್ರೆ ಒಳಗೆ ನೀರು ಹೋಗುತ್ತೆ."

"ಇಪ್ಪತ್ತು ವರ್ಷ ಆಯ್ತು ಇಲ್ಲಿದ್ದೀನಿ, ಒಬ್ಬರೂ ಹೀಗೆ ಹಿಡಿದದ್ದು ನೋಡಿಲ್ಲ."

"ಒಬ್ಬರಾದ್ರೂ ನನ್ನಷ್ಟು ಮೀನು ಹಿಡಿದದ್ದು ನೋಡಿದ್ದೀಯಾ?"

ಈ ಮಾತು ಬಾಯಿಂದ ಬಂದ ಮೇಲೆ ಇನ್ನು ತೋರಿಸಲೇಬೇಕಲ್ಲ. ಮೇಷ್ಟ್ರು ಬಂಡೆಯ ತುದಿಗೆ ಹೋಗಿ, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದರು. ಗಾಳ ನೀರಿಗೆ ಹೋಯಿತು. ಜೊತೆಗೆ ಮೇಷ್ಟ್ರೂ ಹೋದರು.

ಎದೆಮಟ್ಟದ ನೀರು. ದಾರ ಕಾಲಿಗೆ ಸುತ್ತಿಕೊಂಡಿತು. ಮಾವನವರು ಕೋಲಿನ ತುದಿ ಹಿಡಿದು ಒಂದು ಕಡೆ, ಕಾವಲಿನವನು ಕೋಟಿನ ಕಾಲರು ಹಿಡಿದು ಇನ್ನೊಂದು ಕಡೆ, ಎತ್ತು ಏರಿಗೆ ಕೋಣ ನೀರಿಗೆ ಅನ್ನುವ ಹಾಗೆ ಎಳೆದಾಡಿದರು. ಕೊನೆಗೆ ಮೇಷ್ಟ್ರು ದಡಕ್ಕೆ ಬಂದು ಬಿದ್ದರು. ಅವರ ಕಾಲಿನ ಹಿಂದೆಯೇ, ದಾರದ ತುದಿಯಲ್ಲಿ ಮೊಳದುದ್ದದ ಒಂದು ಟ್ರೌಟ್ ಪಟಪಟ ಬಡಿದುಕೊಳ್ಳುತ್ತಿತ್ತು.

"ಕಾಲಲ್ಲಿ," ಅಂದ ಕಾವಲಿನವನು, ಕೊಡೆ ಮಡಿಸಿ ಕೈ ಮುಗಿಯುತ್ತ. "ಕಾಲಲ್ಲೇ ಹಿಡಿದ್ರಲ್ಲ ಸ್ವಾಮಿ."

ಮೇಷ್ಟ್ರಿಗೆ ಅಳು ಬಂತು. ಕೆಲಸ ಉಳಿಯಿತಲ್ಲ ಎಂಬ ಸಂತೋಷದ ಅಳು.

ವಾಪಸು ಬರುವಾಗ ಮೀನು ಮೇಷ್ಟ್ರ ತೊಡೆಯ ಮೇಲಿತ್ತು. ಅರ್ಧ ದಾರಿಗೆ ಬಂದಾಗ ಮಾವನವರು ನಿಟ್ಟುಸಿರುಬಿಟ್ಟರು.

"ನಿಜ ಹೇಳ್ತೀನಿ ಮೇಷ್ಟ್ರೇ, ಬೇಜಾರಾಗ್ಬೇಡಿ. ಅಳಿಯಂದ್ರು ಪತ್ರಿಕೇಲಿ ದಿನಾ ಬರೋ ಒಂದು ಧಾರಾವಾಹಿ ಕತೆ ಶುರು ಮಾಡ್ತಾ ಇದ್ದಾರೆ. 'ಆ ಗಾಳದವರು ಹೊಳೆ ಕಂಡವರೇ ಅಲ್ಲ ಅನ್ಸುತ್ತೆ ಮಾವ. ಕಾಣದೇ ಇಷ್ಟು ಚೆನ್ನಾಗಿ ಸುಳ್ಳು ಬರೀತಾರೆ ಅಂದ್ರೆ ಧಾರಾವಾಹಿಗೆ ಅವರೇ ಸರಿ. ಬೆಚ್ಚಗಿನ ಕೋಣೆ, ದೊಡ್ಡ ಸಂಬಳ ಕೊಡ್ತೀನಿ, ಹೊಸಲು ದಾಟಿ ಹೊರಗೆ ಬರೋದು ಬೇಡ. ಒಂದ್ಸಲ ಪರೀಕ್ಷೆ ಮಾಡಿ ಬನ್ನಿ,' ಅಂದ್ರು. ಸುಳ್ಳು ಅನ್ಸಿದ್ದಕ್ಕೆಲ್ಲ ಕೆಂಪು ಗೆರೆ ಎಳೆದವರೂ ಅವರೇ. ರೀಲಿನ ವಿಷಯದಲ್ಲಿ ನೀವು ಸಿಕ್ಕಿಬಿದ್ರಿ ಅಂದ್ಕೊಂಡು ಎಷ್ಟು ಖುಷಿಪಟ್ಟೆ ಗೊತ್ತಾ? ಆದ್ರೆ ನೀವು ಅಸಲಿ ಗಾಳಗಾರರು. ಅಂಥವರನ್ನ ಕೋಣೇಲಿ ಕೂಡಿಹಾಕಿದ್ರೆ ಪಾಪ ಬರುತ್ತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಇವರಂತೂ ಆ ತುತ್ತನ್ನು ತಾವೇ ಕಾಲಿನಿಂದ ಒದ್ದಿದ್ದರು.

"ಯಜಮಾನ್ರೇ, ನಿಮ್ಮಾಣೆಗೂ ನನಗೆ ಗಾಳ ಹಿಡಿಯೋಕೇ ಬರಲ್ಲ. ಬರೆದದ್ದೆಲ್ಲ ಸುಳ್ಳು. ಎಲ್ಲ ಬಕೆಟ್ಟು."

ಮಾವನವರು ಜೀಪು ನಿಲ್ಲಿಸಿ, ಒದ್ದೆ ಮೇಷ್ಟ್ರ ಭುಜ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ಮೊಳದುದ್ದ ಮೀನು ತೊಡೆ ಮೇಲಿಟ್ಕೊಂಡು ಇಂಥ ಮಾತು. ದೊಡ್ಡವರ ವಿನಯ ಅಂದ್ರೆ ಇದು. ಇನ್ಮೇಲೆ ನಿಮಗೆ ಆಫೀಸಿನ ಕಾಟವೇ ಬೇಡ, ವಾರ ಪೂರ್ತಿ ಹೊಳೆ, ಅಳಿಯಂದ್ರಿಗೆ ನಾನು ಹೇಳ್ತೀನಿ. ಜೊತೆಗೆ ನಾನಿರ್ತೀನಿ. ಬುಧವಾರ, ಗುರುವಾರ ಎರಡೂ ದಿನ ಜೋರು ಮಳೆಯಂತೆ. ಯಾವತ್ತು ಹೊರಡೋಣ?"

ಮೇಷ್ಟ್ರು ಬಾಯಿ ತೆರೆದರು. ಮಾತಿನ ಬದಲು ಸೀನು ಬಂತು. ಅದರ ಬೆನ್ನಿಗೇ ಇನ್ನೊಂದು ಬಂತು.

"ಎರಡೂ ದಿನ," ಎಂದು ಮಾವನವರು ಜೀಪು ಹೊರಡಿಸಿದರು.