ಬೇಗಂ ತುಳಿಯದ ನಿಂಬೆಹಣ್ಣು

ಟಕ್. ಆಮೇಲೆ ಒಂದು ಕ್ಷಣ ಬಿಟ್ಟು, ಗಂಟಲಲ್ಲೇ ಉಳಿದ ಒಂದು 'ಹ್ಞೂಂ'.

ನಿನ್ನ ಇಪ್ಪತ್ನಾಲ್ಕನೆಯ ವಯಸ್ಸಿನ ಸದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಕೋಗಿಲೆಯ ಹೆಸರು ಹೇಳಲಾರೆ. ಅದು ನಮ್ಮ ಕಾರಿನ ಆಟೊಮ್ಯಾಟಿಕ್ ಗೇರು 'ಡಿ'ಗೆ ಬೀಳುತ್ತಿದ್ದ ಸದ್ದು. ಆ ಹ್ಞೂಂಕಾರ ಕೇಳಿದಾಗ ಮನೆಯ ಹಿರಿಯರೊಬ್ಬರು 'ಹೋಗಿ ಬಾ' ಎಂದು ಒಪ್ಪಿಗೆ ಕೊಟ್ಟಂತೆ ಅನ್ನಿಸುತ್ತಿತ್ತು. ಆ ಒಪ್ಪಿಗೆಯನ್ನು ನಮ್ಮಣ್ಣ ನಲವತ್ತೈದು ವರ್ಷ ತಡೆದು ನಿಲ್ಲಿಸಿದ.

ಒಂದು ಟಾರ್ಕ್ ಕನ್ವರ್ಟರ್ ಆರಿಸುವುದಕ್ಕೆ ನಲವತ್ತೈದು ವರ್ಷ ತೆಗೆದುಕೊಂಡ ಮನುಷ್ಯ ಜಗತ್ತಿನಲ್ಲಿ ನಮ್ಮಣ್ಣನೊಬ್ಬನೇ ಎಂದು ಪಂಥ ಕಟ್ಟಿ ಹೇಳುತ್ತೇನೆ. ಇನ್ನೊಬ್ಬನಿದ್ದರೆ ದಯವಿಟ್ಟು ಅವನ ತಂಗಿಯ ಅಡ್ರೆಸ್ ಕೊಡಿ. ನಾವಿಬ್ಬರೂ ಕೂತು ಅಳುವುದಿದೆ!

ಕಾರು ವಿಲಾಯ್ತಿಯದು. ಹೈದರಾಬಾದಿನ ಜಾಗೀರದಾರರೊಬ್ಬರ ಮನೆಯಿಂದ ಅಪ್ಪ ತಂದದ್ದು. ಹಾಗಾಗಿ ಅದರ ಹೆಸರು ಬೇಗಂ. ಗಂಗಾವತಿಯಲ್ಲಿ ಅಕ್ಕಿ ಗಿರಣಿ ಇಟ್ಟವರಿಗೆ ಲಾರಿ ಬೇಕು ಸರಿ, ಬೇಗಂ ಯಾಕೆ? ನನ್ನ ಕಾಲಿಗಾಗಿ. ನಾನು ಮೂರು ವರ್ಷದವಳಿದ್ದಾಗ ಬಂದ ಜ್ವರ ಹೋಗುವಾಗ ನನ್ನ ಎಡಗಾಲಿನ ಬಲವನ್ನು ಜೊತೆಗೇ ತೆಗೆದುಕೊಂಡು ಹೋಗಿತ್ತು. ಕ್ಲಚ್ ಒತ್ತಲು ಎಡಗಾಲು ಬೇಕು. ಬೇಗಂಗೆ ಕ್ಲಚ್ಚೇ ಇರಲಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರುಗಳು ಹನ್ನೊಂದು ವರ್ಷ ನನಗೆ ಹೇಳಿಕೊಟ್ಟದ್ದು ಒಂದೇ ಪಾಠ, 'ಯಾರಿಗೂ ಬರ್ಡನ್ ಆಗಬೇಡ' ಎಂದು. ಅದನ್ನು ಪಾಲಿಸುವ ಉಪಾಯ ಮಾತ್ರ ಅಪ್ಪನಿಗೆ ಹೊಳೆದದ್ದು. ಕೀಲಿಯನ್ನು ನನ್ನ ಕೈಗಿಟ್ಟು, "ಇದು ನಿನ್ನ ಗಾಡಿ. ನೀನ ನಡಿಸ್ಕೊಂಡು ಸಾಣಾಪುರದ ಕೆರಿಗೆ ಹೋಗಿ ಬಾ" ಎಂದರು.

ಸಾಣಾಪುರವೇನು ಚಂದ್ರಲೋಕವಲ್ಲ. ಆನೆಗುಂದಿ ದಾಟಿದರೆ ಬಂತು. ಆದರೂ ಯಾರ ಭುಜ ಹಿಡಿಯದೆ, ಯಾರ ಪುರುಸೊತ್ತು ಕಾಯದೆ ನಾನು ಹೋಗಿಬರಬೇಕಾದ ಊರು ಅಂತ ಒಂದಿದ್ದರೆ ಅಂದಿನಿಂದ ಅದೇ ಆಯಿತು.

ಮರುದಿನ ಬೆಳಿಗ್ಗೆ ಗಿರಣಿಯ ಅಂಗಳದಲ್ಲಿ ನನ್ನ ಮೊದಲ ಡ್ರೈವಿಂಗ್. ಕುದಿಸಿದ ನೆಲ್ಲು ಒಣಗಲು ರಾಶಿ ಬಿದ್ದಿತ್ತು. ಅಣ್ಣ ಕಾರಿನ ಮುಂದೆ ಸೊಂಟಕ್ಕೆ ಕೈಯಿಟ್ಟು, ಸಿನಿಮಾ ಡೈರೆಕ್ಟರನ ಹಾಗೆ ನಿಂತಿದ್ದ. ಟಕ್. ಹ್ಞೂಂ. ಬ್ರೇಕಿನಿಂದ ಕಾಲು ತೆಗೆದೆ ಅಷ್ಟೇ, ಬೇಗಂ ತಾನೇ ಹೊರಟಳು! ಅಣ್ಣ ಪಕ್ಕಕ್ಕೆ ಹಾರಿ ನೆಲ್ಲಿನಲ್ಲಿ ಬಿದ್ದ. ಗಾಬರಿಯಲ್ಲಿ ನಾನು ಬ್ರೇಕೆಂದು ಆಕ್ಸಿಲರೇಟರ್ ಒತ್ತಿದೆ. ಬೇಗಂ ರಾಶಿಯನ್ನು ಅರ್ಧ ಏರಿ ಸಿಕ್ಕಿಕೊಂಡಳು. ನಾನು ಕಣ್ಣು ಮುಚ್ಚಿ ಒತ್ತುತ್ತಲೇ ಇದ್ದೆ. ಕೊನೆಗೆ ಸುಟ್ಟ ಎಣ್ಣೆಯ ವಾಸನೆ ಬಂತು. ಅಂದು ರಾತ್ರಿ ಊಟಕ್ಕೆ ಕೂತಾಗ ನಾನು, "ಮೊದಲಿಗೆ ನಾ ಏನೂ ಒತ್ತಲಿಲ್ಲ, ಅದs ಹೊಂಟಿತು" ಎಂದೆ. ಇಡೀ ಪಂಕ್ತಿ ನಕ್ಕಿತು. ಅಪ್ಪನೂ ನಕ್ಕರು. ಅಣ್ಣ ಮಾತ್ರ ನಗಲಿಲ್ಲ. ಸಿಟ್ಟು ಬಂದಿದೆ ಅಂದುಕೊಂಡೆ.

ಸುಟ್ಟದ್ದು ಟಾರ್ಕ್ ಕನ್ವರ್ಟರ್ ಎಂದು ಖಾಜಾ ಮಿಸ್ತ್ರಿ ಹೇಳಿದ. ಆಗಿನ್ನೂ ಮೀಸೆ ಚಿಗುರಿದ ಹೊಸ ಮಿಸ್ತ್ರಿ ಅವನು. ಅವನ ಬಾಯಲ್ಲಿ ಅದರ ಹೆಸರು 'ಗಡಿಗಿ'. ಹೌದು, ನೋಡಲು ಚಪ್ಪಟೆ ಗಡಿಗೆಯೇ, ಉಕ್ಕಿನದು. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕೂತಿರುತ್ತದೆ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಎದುರುಬದುರು ಎರಡು ಫ್ಯಾನು. ಎಂಜಿನ್ ಒಂದನ್ನು ತಿರುಗಿಸಿದರೆ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ, ಕಾರು ಹೋಗುತ್ತದೆ.

ಇಷ್ಟನ್ನು ನಾನು ನಾಲ್ಕು ಸಾಲಿನಲ್ಲಿ ಹೇಳಿದೆ. ಅಣ್ಣ ಹೇಳಿದರೆ ಮಧ್ಯಾಹ್ನವೇ ಮುಗಿಯುತ್ತಿತ್ತು. ಒಮ್ಮೆ ಏಪ್ರಿಲ್ ಬಿಸಿಲಿನಲ್ಲಿ ಯಲಬುರ್ಗಾದ ಬೀಗರು ಬಂದಿದ್ದರು. ಅವರಿಗೆ ತಿಳಿಯಲೆಂದು ಮನೆಯ ಎರಡೂ ಟೇಬಲ್ ಫ್ಯಾನುಗಳನ್ನು ಮುಖಕ್ಕೆ ಮುಖ ಕೂರಿಸಿ ಒಂದಕ್ಕೆ ಮಾತ್ರ ಕರೆಂಟು ಕೊಟ್ಟ. ಅದರ ಗಾಳಿಗೆ ಇನ್ನೊಂದು ತಾನೇ ತಿರುಗತೊಡಗಿತು. ಒಂದಕ್ಕೊಂದು ಮುಟ್ಟಿಲ್ಲ, ಆದರೂ ತಿರುಗುತ್ತದೆ, ನೋಡಿದಿರಾ ಎಂದು ಅಣ್ಣ ಮುಕ್ಕಾಲು ಗಂಟೆ ವಿವರಿಸಿದ. ಹಿರಿಯ ಬೀಗರು ಟವೆಲ್ಲಿನಿಂದ ಕತ್ತು ಒರೆಸಿಕೊಂಡು ಬಹಳ ಮರ್ಯಾದೆಯಿಂದ ಕೇಳಿದರು: "ಅದೆಲ್ಲಾ ಛಲೋ ಆತ್ರಿ. ಗಾಳಿ ನಮ್ಮ ಕಡೆ ಯಾವಾಗ ಬರತೈತಿ?"

ಮೊದಲ ಗಡಿಗೆ ಹೈದರಾಬಾದಿನ ಗುಜರಿಯಿಂದ ಬಂತು. ಖಾಜಾ ಮೂರು ದಿನ ಕಾರಿನ ಹೊಟ್ಟೆಯ ಕೆಳಗೆ ಮಲಗಿ ಅದನ್ನು ಕೂರಿಸಿದ. ನಾನು ಇಸ್ತ್ರಿ ಮಾಡಿದ ವಾಯಿಲ್ ಸೀರೆ ಉಟ್ಟು, ಪರ್ಸು ಹಿಡಿದು ಕಟ್ಟೆಯ ಮೇಲೆ ರೆಡಿ. ಅಣ್ಣ ಮುಂದಿನ ಗಾಲಿಯ ಎದುರು ಗೇಣು ದೂರದಲ್ಲಿ ಒಂದು ನಿಂಬೆಹಣ್ಣು ಇಟ್ಟ. ಪೂಜೆ ಎಂದುಕೊಂಡೆವು. ಸೀಟಿನಲ್ಲಿ ಕೂತ, ಡಿ ಹಾಕಿದ, ಬ್ರೇಕ್ ಬಿಟ್ಟ. ಬೇಗಂ ಮೆಲ್ಲಗೆ ತೆವಳಿ ನಿಂಬೆಹಣ್ಣನ್ನು ಚಪ್ಪಟೆ ಮಾಡಿದಳು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಣ್ಣ ಕೆಳಗಿಳಿದು ಹೇಳಿದ್ದು ಒಂದೇ ಮಾತು: "ತೆಗಿ. ನೂಕತೈತಿ."

ಖಾಜಾನ ಮುಖ ನೋಡಬೇಕಿತ್ತು. "ಸಾವ್ಕಾರ್ರ, ಗಾಡಿ ನೂಕದ ಮತ್ತೇನು ಮಾಡಬೇಕ್ರಿ? ಈ ಜಾತಿ ಗಾಡಿ ಎಲ್ಲಾ ಹಂಗs."

"ತೆಗಿ ಅಂದೆ."

ನಾನು ಒಳಗೆ ಹೋಗಿ ಸೀರೆ ಬಿಚ್ಚಿಟ್ಟೆ.

ಎರಡನೆಯದು ಮುಂಬೈಯಿಂದ ಬಂತು. ನಿಂಬೆಹಣ್ಣು ಉಳಿಯಿತು, ಆದರೆ ಎಂಜಿನ್ ಗಿರಣಿಯ ಹಾಗೆ ಕೂಗಿದರೂ ಕಾರು ಕದಲಲಿಲ್ಲ. 'ಭಾಳ ಸಡಿಲ.' ತೆಗಿ. ಮೂರನೆಯದು ನಿಂಬೆಹಣ್ಣನ್ನಷ್ಟೇ ಅಲ್ಲ, ಪಕ್ಕದಲ್ಲಿದ್ದ ಆರತಿ ತಟ್ಟೆಯನ್ನೂ ತುಳಿಯಿತು. 'ಭಾಳ ಬಿಗಿ.' ತೆಗಿ. ಹೀಗೇ ಇನ್ನೂ ಎರಡು ಮೂರು ಬಂದವು, ಹೋದವು. ಒಂದೊಂದರ ನಡುವೆ ಆರು ವರ್ಷ, ಎಂಟು ವರ್ಷ. ತೆಗೆದ ಗಡಿಗೆಗಳನ್ನು ಎಸೆಯುವ ಹಾಗಿಲ್ಲ. ಒಂದು ಅಡುಗೆಮನೆಯ ಬಾಗಿಲಿಗೆ ಅಡ್ಡ, ಒಂದರ ಮೇಲೆ ತುಳಸಿ ಕುಂಡ, ಒಂದು ಅಣ್ಣನ ಮಂಚದ ಕೆಳಗೆ. ವೈನಿ, ಅಂದರೆ ಅಣ್ಣನ ಹೆಂಡತಿ, ಅದಕ್ಕೆ ಕಾಲು ಎಡವಿದಾಗಲೆಲ್ಲ ನನ್ನ ಹತ್ತಿರ ಹೇಳುತ್ತಿದ್ದಳು: "ನನ್ನ ನೋಡಾಕ ಬಂದಾಗ ನಿಮ್ಮಣ್ಣ ಒಂದು ಕಪ್ ಚಾ ಮುಗಿಯೋದ್ರಾಗ ಒಪ್ಪಿದ್ರು. ಈ ಗಡಿಗಿ ನೋಡಿದಂಗ ನನ್ನೂ ನೋಡಿದ್ದರ ನಾ ಬಚಾವಾಗಿರ್ತಿದ್ದೆ!"

ಈ ಹುಚ್ಚಾಟದಲ್ಲಿ ನನಗೂ ಒಂದು ನೌಕರಿ ಇತ್ತು. ಮನೆಯಲ್ಲಿ ಕಾನ್ವೆಂಟ್ ಇಂಗ್ಲಿಷಿನವಳು ನಾನೊಬ್ಬಳೇ ಅಲ್ಲವೇ? ಪರದೇಶದ ಅಂಗಡಿಗಳಿಗೆ ಪತ್ರ ನಾನೇ ಬರೆಯಬೇಕು. ಮೊದಲು ಏರೋಗ್ರಾಮು, ಆಮೇಲೆ ಫ್ಯಾಕ್ಸು, ಆಮೇಲೆ ಈಮೇಲು. ಅಣ್ಣ ಕಣ್ಣು ಮುಚ್ಚಿ ಡಿಕ್ಟೇಟ್ ಮಾಡುವನು: "ಬರಿ. ಒತ್ತೋತನಕ ಅದು ಹೋಗಬಾರದು." ನಾನು ಹಲ್ಲು ಕಚ್ಚಿ, ಸಿಸ್ಟರುಗಳು ಮೆಚ್ಚುವ ಗ್ರಾಮರಿನಲ್ಲಿ ಬರೆಯುತ್ತಿದ್ದೆ: 'ಕೈಂಡ್ಲಿ ಎನ್ಶೂರ್ ದಟ್ ದ ಕಾರ್ ಡಸ್ ನಾಟ್ ಮೂವ್ ಅನ್‌ಲೆಸ್ ಆಸ್ಕ್ಡ್.' ಅಲ್ಲಿಂದ ಉತ್ತರ ಬರುತ್ತಿತ್ತು: ಮೇಡಂ, ಎಲ್ಲ ಆಟೊಮ್ಯಾಟಿಕ್ ಕಾರುಗಳೂ ಸ್ವಲ್ಪ ತೆವಳುತ್ತವೆ. ಅಣ್ಣ ಅದನ್ನು ಮಡಚಿ ಜೇಬಿಗಿಟ್ಟುಕೊಂಡು, "ಅವರಿಗೆ ಗೊತ್ತಿಲ್ಲ, ಇನ್ನೊಬ್ಬರಿಗೆ ಬರಿ" ಎನ್ನುವನು. ನನ್ನ ಕೈಯಿಂದಲೇ ನನ್ನ ಕಾರನ್ನು ನಿಲ್ಲಿಸಿಟ್ಟ ಮನುಷ್ಯ! ಇದಕ್ಕಿಂತ ಕ್ರೌರ್ಯ ಬೇಕೇ?

ನಾನು ಹುಡುಗಿಯರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾದೆ. ಮೂವತ್ತೆರಡು ವರ್ಷ ಬಾಡಿಗೆ ಆಟೋದಲ್ಲಿ, ಇನ್ನೂ ನಾಲ್ಕು ಜನರ ಮೊಣಕೈಗಳ ನಡುವೆ ಹೋಗಿಬಂದೆ. ಆಟೋ ಬಾರದ ದಿನ ನಾನೂ ಇಲ್ಲ. ನನ್ನ ಲರ್ನರ್ಸ್ ಲೈಸೆನ್ಸು ಆರು ತಿಂಗಳಿಗೇ ಸತ್ತಿತ್ತು. ಅಪ್ಪ ಹೋದರು. ಹೋಗುವ ಮುಂಚೆಯೂ ಬಂದವರೆದುರು, ಮಗಳು ಕಾರನ್ನು ನೆಲ್ಲಿನ ರಾಶಿಗೆ ಹತ್ತಿಸಿದ ಕತೆ ಹೇಳಿ ನಗಿಸುತ್ತಿದ್ದರು. ನಾನೂ ನಕ್ಕೆನೆನ್ನಿ. ಮ್ಯಾನರ್ಸ್ ಕಲಿತವಳಲ್ಲವೇ!

ಬೇರೆ ಕಾರು ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕೇಳಿ. ಈಗ ಗಂಗಾವತಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರೇ ಆಟೊಮ್ಯಾಟಿಕ್ ಕಾರು ಓಡಿಸಿಕೊಂಡು ತರಕಾರಿಗೆ ಬರುತ್ತಾರೆ. ಒಬ್ಬಳು ಕೀಲಿ ಚಾಚಿ, "ಮೇಡಂ, ಒಂದ್ ರೌಂಡ್ ನೋಡ್ರಿ" ಅಂದಳು. ನಾನು ಥ್ಯಾಂಕ್ಯೂ ಹೇಳಿ ಆಟೋ ಹತ್ತಿದೆ. ನಾನು ಸುಟ್ಟದ್ದು ಬೇಗಂಳನ್ನು. ನಾನು ನಡೆಸಬಲ್ಲೆ ಎಂದು ತೋರಿಸಬೇಕಾದದ್ದು ಆ ಅಂಗಳದಲ್ಲೇ, ಅವಳಲ್ಲೇ. ಹಟದಲ್ಲಿ ನಾನು ಅಣ್ಣನ ಒಡಹುಟ್ಟಿದವಳೇ ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ, ಅವನಿದ್ದಾಗ ಒಪ್ಪಿಕೊಳ್ಳಲಿಲ್ಲ.

ಹೋದ ವರ್ಷ ಅಣ್ಣ ಕೊನೆಗೂ ಒಂದು ಕಡೆ ತನ್ನ ಮಾತು ಕೇಳುವವರನ್ನು ಹಿಡಿದ. ಅವರು ಗಡಿಗೆಯನ್ನು ಕೊಯ್ದು ಬಿಚ್ಚಿ, ಒಳಗಿನ ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಬಾಗಿಸಿ, ಮತ್ತೆ ಬೆಸೆದು ಕಳಿಸಿದರು. ಆಯುಧ ಪೂಜೆಯ ಮುನ್ನಾದಿನ ಖಾಜಾ ಅದನ್ನು ಕೂರಿಸಿ ಮುಗಿಸಿದ. ಈಗ ಅವನ ಗಡ್ಡವೂ ಬೆಳ್ಳಗಾಗಿದೆ. ಕಾರಿನ ಕೆಳಗಿಂದ ಅವನನ್ನು ಎಳೆಯಲು ಇಬ್ಬರು ಬೇಕು.

ಮರುದಿನ ಬೆಳಿಗ್ಗೆ ಅಣ್ಣ ನನ್ನನ್ನು ಅಂಗಳಕ್ಕೆ ಕರೆಸಿದ. ಗಾಲಿಯೆದುರು ಅದೇ ನಿಂಬೆಹಣ್ಣು. ಆದರೆ ಈ ಸಲ ಅವನು ಸೀಟಿನಲ್ಲಿ ಕೂರಲಿಲ್ಲ. ಬಾಗಿಲು ತೆಗೆದು ನನ್ನನ್ನು ನೋಡಿದ.

ನನ್ನ ನಾಲಿಗೆಗೆ ಎಷ್ಟು ವರ್ಷದ ಕಹಿ ಬಂತೋ. "ಈಗ್ಯಾಕ? ಒಂದು ಕಣ್ಣಿಗೆ ಆಪರೇಷನ್ ಆಗೇತಿ. ಮಂಡಿ ಮಡಚಂಗಿಲ್ಲ. ನನ್ನ ಜೀವಮಾನನ ಆ ಗಡಿಗ್ಯಾಗ ಹಾಕಿ ಕುದಿಸಿದಿ ನೀ" ಎಂದೆ. ಅವನು ಬಾಗಿಲು ಹಿಡಿದೇ ನಿಂತಿದ್ದ. ಸಿಟ್ಟಿನಲ್ಲೇ ಹತ್ತಿ ಕೂತೆ. ಟಕ್. ಹ್ಞೂಂ. ತಲೆಯೆತ್ತಿ ನೋಡಿದರೆ ಅಣ್ಣ ಬಾನೆಟ್ಟಿನ ಮುಂದೆ, ಅಂದು ನಿಂತಿದ್ದಲ್ಲೇ, ಸೊಂಟಕ್ಕೆ ಕೈಯಿಟ್ಟು ನಿಂತಿದ್ದಾನೆ.

"ಬಾಜೂಕ ಸರೀರಿ ಸಾವ್ಕಾರ್ರ" ಎಂದ ಖಾಜಾ.

ಅಣ್ಣ ಸರಿಯಲಿಲ್ಲ. "ಬ್ರೇಕ್ ಬಿಡು ತಂಗಿ."

ಬಿಟ್ಟೆ. ಬೇಗಂ ಒಮ್ಮೆ ನಡುಗಿದಳು, ನಿಂತಲ್ಲೇ ನಿಂತಳು. ನಿಂಬೆಹಣ್ಣು ಹಾಗೇ ಇತ್ತು. ಅಣ್ಣನೂ ಹಾಗೇ ಇದ್ದ.

ಅವನು ಕಿಟಕಿಯ ಹತ್ತಿರ ಬಂದು ಬಗ್ಗಿದ. "ಅವತ್ತೂ ನೀ ಒತ್ತಿದ್ದಿಲ್ಲ. ತಪ್ಪು ಗಡಿಗೀದು, ನಿಂದಲ್ಲ. ಅಪ್ಪಗ ತೋರಿಸಬೇಕಂತ ಮಾಡಿದ್ದೆ. ತಡ ಆತು" ಎಂದ.

ಪಂಕ್ತಿಯಲ್ಲಿ ನಗದೆ ಕೂತಿದ್ದ ಅವನ ಮುಖ ನಲವತ್ತೈದು ವರ್ಷದ ಮೇಲೆ ನನಗೆ ಅರ್ಥವಾಯಿತು. ಇಷ್ಟೊಂದು ಇಂಗ್ಲಿಷ್ ಕಲಿತವಳಿಗೆ ಒಂದು 'ಥ್ಯಾಂಕ್ಯೂ' ಬಾಯಿಗೆ ಬರಲಿಲ್ಲ. ಬಂದದ್ದು, "ಸರಿ ಆ ಕಡೆ, ಸಾಣಾಪುರಕ್ಕ ತಡ ಆಗತೈತಿ" ಎಂಬ ಗದರಿಕೆ. "ಸೊಕ್ಕು ಹಂಗs ಐತಿ. ಹೋಗು" ಎಂದು ಅಣ್ಣ ಬಾಗಿಲು ಹಾಕಿದ. ಖಾಜಾ ನನ್ನ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಕೊಂಡ. ಲೈಸೆನ್ಸ್ ಇರಲಿಲ್ಲ, ಇದನ್ನು ಓದುವ ಪೊಲೀಸರು ಕ್ಷಮಿಸಬೇಕು.

ಒತ್ತಿದೆ. ಹೋಯಿತು.

ಕೆರೆ ಚೆನ್ನಾಗಿತ್ತು. ನಾವು ತಿರುಗಿ ಬರುವಷ್ಟರಲ್ಲಿ ಗಿರಣಿಯ ಮುಂದೆ ಜನ ನಿಂತಿದ್ದರು, ವೈನಿಯನ್ನು ಯಾರೋ ಹಿಡಿದುಕೊಂಡಿದ್ದರು. ಒಳಗೆ ಹೋಗಿ ಕಂಡದ್ದನ್ನು ನಾನು ಅಣ್ಣನನ್ನು ನೋಡಿದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಅವನನ್ನು ಕಡೆಯ ಸಲ ನೋಡಿದ್ದು ಗೇಟು ದಾಟುವಾಗ, ಕಾರಿನ ಕನ್ನಡಿಯಲ್ಲಿ. ಒಂದು ಕೈ ಮೊಣಕಾಲಿಗೆ ಊರಿ, ಬಹಳ ನಿಧಾನವಾಗಿ ಬಗ್ಗಿ, ನಾನು ತುಳಿದು ಬಂದ ನಿಂಬೆಹಣ್ಣನ್ನು ಅವನು ನೆಲದಿಂದ ಎತ್ತಿಕೊಳ್ಳುತ್ತಿದ್ದ.